ಬಣ್ಣ ಹಚ್ಚುವುದೂ ದುಡಿಮೆಯೇ

ಸಿನಿಮಾ ನಟಿಯರ ಮಾತು ದುಡಿಯುವವರ ಪತ್ರಿಕೆಗೆ ಏಕೆ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಗಿರಣಿಯ ಬೋನಸ್ಸು, ಅಕ್ಕಿಯ ಬೆಲೆ, ಅಂಗಡಿಯ ತೆರಿಗೆ ಇವನ್ನೆಲ್ಲ ಬಿಟ್ಟು ಬಣ್ಣದವರ ಕಥೆ ಹೇಳಲು ಹೊರಟರಲ್ಲ ಎಂದು ಹುಬ್ಬೇರಿಸಲೂಬಹುದು. ನಮ್ಮ ಉತ್ತರ ಇಷ್ಟೆ. ನಟಿಯೂ ದುಡಿಯುವವಳು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದು, ಹೇಳಿದ ಕಡೆ ನಿಂತು, ಮಾತಾದಷ್ಟು ಹಣ ತೆಗೆದುಕೊಂಡು ಹೋಗುವವಳು. ಅವಳ ದುಡಿಮೆಯ ಲಾಭ ಯಾರ ಪೆಟ್ಟಿಗೆ ಸೇರಿತು, ಅವಳು ಕಾಯಿಲೆ ಬಿದ್ದಾಗ ಯಾರು ನೋಡಿದರು, ಮುಪ್ಪಿನಲ್ಲಿ ಯಾರು ಕೇಳಿದರು ಎಂಬ ಪ್ರಶ್ನೆ ಗಿರಣಿಯವರು ದಿನವೂ ಕೇಳುವ ಪ್ರಶ್ನೆಯೇ ಆಗಿದೆ.

ಕನ್ನಡ ಟಾಕಿಯ ಮೊದಲ ದಿನಗಳನ್ನೇ ನೋಡೋಣ. ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ ‘ಸತಿ ಸುಲೋಚನ’ ತೆರೆಗೆ ಬಂತು. ಅದಕ್ಕೆ ಬಂಡವಾಳ ಹಾಕಿದವರು ಚಮನ್‌ಲಾಲ್ ಡೂಂಗಾಜಿ, ನಿರ್ದೇಶಿಸಿದವರು ವೈ. ವಿ. ರಾವ್. ಬೆಂಗಳೂರಿನಲ್ಲಿ ಆಗ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲವಾದ್ದರಿಂದ ನಟನಟಿಯರೆಲ್ಲ ಗಂಟುಮೂಟೆ ಕಟ್ಟಿಕೊಂಡು ಕೊಲ್ಲಾಪುರಕ್ಕೆ ಹೋಗಿ ಕೆಲಸ ಮಾಡಿ ಬಂದರು. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ನಾಗೇಂದ್ರರಾಯರು ರಾವಣ. ಇಬ್ಬರನ್ನೂ ನಾಡು ನೆನೆಯುತ್ತದೆ, ನೆನೆಯಬೇಕಾದುದೂ ನ್ಯಾಯವೇ. ಆದರೆ ಚಿತ್ರದ ಹೆಸರಿನಲ್ಲಿರುವ ಸುಲೋಚನೆಯಾಗಿ ನಟಿಸಿದ ತ್ರಿಪುರಾಂಬ, ಮಂಡೋದರಿಯಾದ ಲಕ್ಷ್ಮೀಬಾಯಿ, ಇವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪ್ರತಿ ಹೋದ ಮೇಲೆ ಅವರು ಹಾಡಿದ್ದೂ ಹೋಯಿತು, ಅಭಿನಯಿಸಿದ್ದೂ ಹೋಯಿತು.

ಮರುವರ್ಷ, ೧೯೩೫ರಲ್ಲಿ, ‘ಸದಾರಮೆ’ ಬಂತು. ಅದರ ನಾಯಕಿ ಕೆ. ಅಶ್ವತ್ಥಮ್ಮನವರು, ಬೆಂಗಳೂರಿನ ಹೆಣ್ಣುಮಗಳು. ತೆಂಕಣದ ಟಾಕಿಗಳಲ್ಲಿ ಹಿನ್ನೆಲೆ ಗಾಯನ ಇನ್ನೂ ನೆಲೆಯೂರದ ಕಾಲ ಅದು. ಕ್ಯಾಮರಾದ ಮುಂದೆ ನಿಂತವರೇ ಹಾಡಬೇಕು, ಹಾಡುತ್ತಲೇ ಅಭಿನಯಿಸಬೇಕು. ಹಾಡು ಕೆಟ್ಟರೆ ಮತ್ತೆ ಮೊದಲಿಂದ. ೧೯೩೭ರಲ್ಲಿ ಅದೇ ವೈ. ವಿ. ರಾಯರು ತಮಿಳಿನಲ್ಲಿ ‘ಚಿಂತಾಮಣಿ’ ತೆಗೆದಾಗ ಚಿಂತಾಮಣಿಯ ಪಾತ್ರಕ್ಕೆ ಅಶ್ವತ್ಥಮ್ಮನವರನ್ನೇ ಕರೆದರು. ಎದುರಿಗೆ ನಿಂತವರು ತ್ಯಾಗರಾಜ ಭಾಗವತರು. ಚಿತ್ರ ಒಂದೇ ಟಾಕೀಸಿನಲ್ಲಿ ವರುಷ ಕಾಲ ಓಡಿತು. ಅದನ್ನು ತೆಗೆದ ಮಧುರೆಯ ಕಂಪನಿ ಬಂದ ಲಾಭದಲ್ಲಿ ತನ್ನ ಊರಿನಲ್ಲಿ ಒಂದು ಟಾಕೀಸನ್ನೇ ಕಟ್ಟಿಸಿ, ಅದಕ್ಕೆ ‘ಚಿಂತಾಮಣಿ’ ಎಂದು ಹೆಸರಿಟ್ಟಿತು.

ಅಶ್ವತ್ಥಮ್ಮನವರು ಏನಾದರು? ೧೯೩೯ರಲ್ಲಿ ‘ಶಾಂತ ಸಕ್ಕುಬಾಯಿ’ಯಲ್ಲಿ ನಟಿಸಿದರು. ೧೯೪೪ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಕ್ಷಯರೋಗದಿಂದ ತೀರಿಕೊಂಡರು. ಕ್ಷಯವೆಂದರೇನೆಂದು ಹತ್ತಿಯ ದೂಳು ಕುಡಿದು ಕೆಮ್ಮಿದ ಗಿರಣಿಯವರಿಗೆ ನಾವು ವಿವರಿಸಬೇಕಾಗಿಲ್ಲ. ಆ ರೋಗವನ್ನು ಹಿಡಿದು ನಿಲ್ಲಿಸುವ ಸ್ಟ್ರೆಪ್ಟೊಮೈಸಿನ್ ಔಷಧದ ಸುದ್ದಿ ಅಮೆರಿಕದಲ್ಲಿ ಹೊರಬಿದ್ದುದೂ ಅದೇ ೧೯೪೪ರಲ್ಲಿ. ಅದು ನಮ್ಮ ಬಡವರ ಕೈಗೆ ಬರಲು ಇನ್ನೂ ಎಷ್ಟೋ ವರುಷ ಹಿಡಿಯಿತು.

ಕಂಪನಿಯವರು ಅವರಿಗೆ ಮೋಸ ಮಾಡಿದರೆಂದು ನಾವು ಹೇಳುತ್ತಿಲ್ಲ. ಮಾತಾದ ಹಣ ಕೊಟ್ಟೇ ಇರಬಹುದು. ನಮ್ಮ ತಕರಾರು ಆ ಮಾತಿನ ಮೇಲೆಯೇ. ಒಂದು ವರುಷ ಓಡುವ ಚಿತ್ರಕ್ಕೂ ಒಂದು ವಾರ ಓಡುವ ಚಿತ್ರಕ್ಕೂ ಹಾಡಿದವಳಿಗೆ ಬರುವುದು ಮೊದಲು ಮಾತಾದ ಹಣ ಮಾತ್ರ. ಆಮೇಲಿನ ಪ್ರತಿಯೊಂದು ಆಟದ ಗಳಿಕೆಯೂ ಹಣ ಹಾಕಿದವನದು. ಕಟ್ಟಡ ಎದ್ದಿತು, ಕಟ್ಟಡಕ್ಕೆ ಒಡೆಯನಿದ್ದ. ಕೊರಳು ಬಿದ್ದುಹೋದರೆ ಅದರ ನಷ್ಟಕ್ಕೆ ಹೊಣೆಗಾರರಿಲ್ಲ.

ಇದು ನಮ್ಮ ದೇಶದ ಬಡತನದಿಂದ ಆದುದು, ಅಮೆರಿಕದಂಥ ಸಿರಿವಂತ ದೇಶದಲ್ಲಿ ಹೀಗಾಗದು ಎಂದು ಯಾರಾದರೂ ಹೇಳಿಯಾರು. ಅಲ್ಲಿಯ ಕಥೆಯನ್ನೂ ಕೇಳಿ. ಫ್ಲಾರೆನ್ಸ್ ಲಾರೆನ್ಸ್ ಎಂಬಾಕೆ ಕೆನಡಾದಲ್ಲಿ ಹುಟ್ಟಿ ಬಯೋಗ್ರಾಫ್ ಎಂಬ ಕಂಪನಿಯ ಮೂಕಿ ಚಿತ್ರಗಳಲ್ಲಿ ನಟಿಸುತ್ತಿದ್ದರು. ಜನ ಅವರನ್ನು ನೋಡಲೆಂದೇ ಬರುತ್ತಿದ್ದರು. ಆದರೆ ಕಂಪನಿ ನಟರ ಹೆಸರನ್ನು ತೆರೆಯ ಮೇಲೆ ಹಾಕುತ್ತಿರಲಿಲ್ಲ. ಹೆಸರು ಗೊತ್ತಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಭಯ! ಜನರಿಗೆ ಆಕೆ ‘ಬಯೋಗ್ರಾಫ್ ಹುಡುಗಿ’ ಅಷ್ಟೆ. ೧೯೧೦ರಲ್ಲಿ ಆಕೆಯನ್ನು ಸೆಳೆದುಕೊಂಡ ಇನ್ನೊಂದು ಕಂಪನಿ, ಆಕೆ ಸತ್ತಳೆಂಬ ಸುದ್ದಿಯನ್ನು ಹಬ್ಬಿಸಿ, ಅದು ಸುಳ್ಳೆಂದು ತಾನೇ ಜಾಹೀರಾತು ಕೊಟ್ಟು, ಆಕೆಯ ಹೆಸರನ್ನು ಮೆರೆಸಿತು. ಹೆಸರು ಮುಚ್ಚಿಟ್ಟುದೂ ಲಾಭಕ್ಕೆ, ಮೆರೆಸಿದುದೂ ಲಾಭಕ್ಕೆ. ಮುಂದೆ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು ಆಕೆಗೆ ಪೆಟ್ಟಾಯಿತು, ಬೇಡಿಕೆ ಇಳಿಯಿತು. ೧೯೩೬ರಲ್ಲಿ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋ ಒಂದರಲ್ಲಿ ವಾರಕ್ಕೆ ೭೫ ಡಾಲರ್ ಸಂಬಳದ ಮೇಲೆ, ಗುಂಪಿನಲ್ಲಿ ನಿಲ್ಲುವ ಚಿಲ್ಲರೆ ಪಾತ್ರಗಳಿಗೆ ಸೇರಿಕೊಂಡರು. ೧೯೩೮ರ ಡಿಸೆಂಬರಿನಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲು ಬಿದ್ದುದು ೧೯೯೧ರಲ್ಲಿ!

ಆ ದೇಶದ ನಟನಟಿಯರು ೧೯೩೩ರಲ್ಲಿ ಸಂಘ ಕಟ್ಟಿದರು. ನಾಲ್ಕು ವರುಷ ಹೋರಾಡಿದ ಮೇಲೆ, ೧೯೩೭ರಲ್ಲಿ, ದೊಡ್ಡ ಸ್ಟುಡಿಯೋಗಳು ಆ ಸಂಘವನ್ನು ಒಪ್ಪಿಕೊಂಡವು. ಕನಿಷ್ಠ ಸಂಬಳ, ಕೆಲಸದ ಹೊತ್ತು, ಬಿಡುವು ಎಲ್ಲಕ್ಕೂ ಅಲ್ಲಿಂದ ಲೆಕ್ಕ ಬಂತು. ಸ್ಟುಡಿಯೋದ ದೊರೆಗಳ ಮನಸ್ಸು ಕರಗಿದ್ದರಿಂದ ಬಂದುದಲ್ಲ ಅದು.

ಇನ್ನೊಂದು ವಾದವೂ ಉಂಟು. ನಟಿಯರು ಲಕ್ಷ ಲಕ್ಷ ಎಣಿಸುತ್ತಾರೆ, ಕಾರಿನಲ್ಲಿ ಓಡಾಡುತ್ತಾರೆ, ಅವರಿಗೇಕೆ ನಮ್ಮ ಮರುಕ ಎಂಬುದು. ಒಬ್ಬಳು ಹಾಗೆ ಎಣಿಸುವಾಗ ಅವಳ ಹಿಂದೆ ಕುಣಿಯುವ ಹತ್ತು ಮಂದಿ, ಸಂತೆಯ ದೃಶ್ಯದಲ್ಲಿ ಬಿಸಿಲಿಗೆ ನಿಲ್ಲುವ ನೂರು ಮಂದಿ ದಿನಗೂಲಿಯವರು. ಅದೂ ಅಲ್ಲದೆ, ಎಣಿಸಿದವರ ಕೈಯಲ್ಲಾದರೂ ಅದು ಉಳಿಯಿತೆ? ಹುಬ್ಬಳ್ಳಿಯ ಬಳಿಯ ಅದರಗುಂಚಿಯ ಶಾಂತಾ ಹುಬಳೀಕರ್ ಅವರು ೧೯೩೯ರಲ್ಲಿ ಶಾಂತಾರಾಮರ ಚಿತ್ರದಲ್ಲಿ ನಟಿಸಿ ದೇಶಕ್ಕೆಲ್ಲ ಹೆಸರಾದವರು. ೧೯೪೨ರಲ್ಲಿ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಲ್ಲಿ ಕನ್ನಡಿಗರ ಮುಂದೆಯೂ ಬಂದರು. ಮುಪ್ಪಿನಲ್ಲಿ ಆಕೆ ಸೇರಿದ್ದು ವೃದ್ಧಾಶ್ರಮವನ್ನು. ಆಕೆ ಮರಾಠಿಯಲ್ಲಿ ಬರೆದ ಆತ್ಮಕಥೆಯ ಹೆಸರಿನ ಅರ್ಥ ‘ನಾಳೆಯ ಮಾತೇಕೆ’ ಎಂದು. ನಾಳೆಗೆ ಪೆನ್ಷನ್ನಿಲ್ಲದ, ಪ್ರಾವಿಡೆಂಟ್ ಫಂಡಿಲ್ಲದ ದುಡಿಮೆಗೆ ಇದಕ್ಕಿಂತ ಒಪ್ಪುವ ಹೆಸರು ನಮಗೆ ತೋರದು.

ಬೇರೆ ದಾರಿ ಹಿಡಿದವರೂ ಇದ್ದರು. ೧೯೩೬ರ ‘ಸಂಸಾರ ನೌಕೆ’ಯ ನಾಯಕಿ ಎಂ. ವಿ. ರಾಜಮ್ಮನವರು ೧೯೪೩ರಲ್ಲಿ ‘ರಾಧಾರಮಣ’ ಚಿತ್ರವನ್ನು ತಾವೇ ನಿರ್ಮಿಸಿ, ಕನ್ನಡದ ಮೊದಲ ನಿರ್ಮಾಪಕಿಯಾದರು. ಬಂಡವಾಳ ತನ್ನ ಕೈಯಲ್ಲಿದ್ದಾಗ ನಟಿಯ ಮಾತಿಗೆ ಬೆಲೆ ಬರುತ್ತದೆ ಎಂಬುದನ್ನು ಆಕೆ ತೋರಿಸಿಕೊಟ್ಟರು. ಅದು ದೊಡ್ಡ ಸಾಹಸ. ಆದರೆ ನೂರಕ್ಕೆ ಒಬ್ಬರು ಯಜಮಾನಿಯಾಗುವುದರಿಂದ ಉಳಿದ ತೊಂಬತ್ತೊಂಬತ್ತು ಮಂದಿಯ ಬಾಳು ನೇರವಾಗದು. ಮಗ್ಗದವನೊಬ್ಬ ಗಿರಣಿ ಕೊಂಡರೆ ಉಳಿದ ಮಗ್ಗದವರ ಕೂಲಿ ಏರುತ್ತದೆಯೆ?

ಹಣದ ಅನ್ಯಾಯದ ಜೊತೆಗೆ ಮಾನದ ಅನ್ಯಾಯವೂ ಇತ್ತು, ಇಂದಿಗೂ ಇದೆ. ಬಸವನಗುಡಿ, ಮಲ್ಲೇಶ್ವರಗಳ ಮರ್ಯಾದಸ್ಥ ಸಂಸಾರಗಳಿಗೆ ಸುಲೋಚನೆಯ ಪಾತಿವ್ರತ್ಯ ನೋಡಿ ಕಣ್ಣೊರೆಸಿಕೊಳ್ಳಬಹುದಿತ್ತು. ಅದೇ ನಟಿ ತಮ್ಮ ಮನೆಗೆ ಸೊಸೆಯಾಗಿ ಬರುತ್ತೇನೆಂದರೆ ಬಾಗಿಲು ಹಾಕಬೇಕಿತ್ತು. ನಮ್ಮ ಪೈಕಿಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತು ಸಿಳ್ಳೆ ಹಾಕಿ, ಹೊರಗೆ ಬಂದು ಹಗುರವಾಗಿ ಮಾತಾಡುವವರು ಮಿಲ್ಲಿನ ಲೈನುಗಳಲ್ಲೂ ಇದ್ದರು. ಅಂಥವರು ಒಂದು ಸಂಗತಿ ತಿಳಿಯಲಿ. ೧೯೩೧ರಲ್ಲಿ, ಮೂಕಿ ಚಿತ್ರಗಳ ಕಾಲದಲ್ಲೇ, ಶೂದ್ರಕನ ‘ಮೃಚ್ಛಕಟಿಕ’ವನ್ನು ಚಿತ್ರವಾಗಿ ತೆಗೆದಾಗ ಅದರಲ್ಲಿ ಬಣ್ಣ ಹಚ್ಚಿದವರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಜೈಲು ಕಂಡು, ೧೯೩೬ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದವರು ಅವರೇ. ಬಣ್ಣ ಹಚ್ಚಿದ್ದರಿಂದ ಅವರ ಮಾನಕ್ಕೆ ಕುಂದೇನೂ ಬರಲಿಲ್ಲ.

ಇನ್ನು ಕಾನೂನಿನ ಮಾತು. ಗಿರಣಿಯವರಿಗೆ ಇ.ಎಸ್.ಐ. ಕಾಯಿದೆ ಬಂದುದು ೧೯೪೮ರಲ್ಲಿ, ಪ್ರಾವಿಡೆಂಟ್ ಫಂಡಿನ ಕಾಯಿದೆ ೧೯೫೨ರಲ್ಲಿ. ಸಿನಿಮಾ ಕೆಲಸಗಾರರಿಗೆಂದು ಕೇಂದ್ರ ಸರ್ಕಾರ ಕಾಯಿದೆ ತಂದುದು ೧೯೮೧ರಲ್ಲಿ. ಕೆಲಸಕ್ಕೆ ಮುಂಚೆ ಲಿಖಿತ ಕರಾರು ಆಗಬೇಕೆಂಬುದೂ ಪ್ರಾವಿಡೆಂಟ್ ಫಂಡೂ ಅದರಲ್ಲಿ ಬಂದವು. ಅಶ್ವತ್ಥಮ್ಮನವರು ತೀರಿಕೊಂಡು ಆಗ ೩೭ ವರುಷ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಆ ಕಾಯಿದೆಗಳನ್ನೂ ಕರಗಿಸಲಾಗಿದೆ. ನಮ್ಮ ರಾಜ್ಯದಲ್ಲಿ ೨೦೨೪ರ ಜುಲೈನಲ್ಲಿ ಸಿನಿಮಾ ಹಾಗೂ ಸಾಂಸ್ಕೃತಿಕ ಕ್ಷೇತ್ರದವರ ಕ್ಷೇಮಾಭಿವೃದ್ಧಿಗೆ ಒಂದು ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ಟಿಕೆಟ್ಟಿನ ಮೇಲೆ ನೂರಕ್ಕೆ ೧ಕ್ಕೆ ಕಡಿಮೆಯಿಲ್ಲದೆ, ೨ಕ್ಕೆ ಮೀರದೆ ಸೆಸ್ ಹಾಕಿ ನಿಧಿ ಕೂಡಿಸಬೇಕು, ಅದನ್ನು ಒಂದು ಮಂಡಳಿ ನಡೆಸಬೇಕು ಎಂಬುದು ಅದರ ತಿರುಳು. ೨೦೦ ರೂಪಾಯಿ ಟಿಕೆಟ್ಟಿಗೆ ೨ರಿಂದ ೪ ರೂಪಾಯಿ.

ಅದೇ ವರುಷದ ಆಗಸ್ಟಿನಲ್ಲಿ ಕೇರಳದಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ಹೊರಬಂದು, ಚಿತ್ರರಂಗದ ಹೆಂಗಸರು ಉಣ್ಣುವ ಕಷ್ಟವನ್ನು ಬಯಲಿಗಿಟ್ಟಿತು. ಸೆಪ್ಟೆಂಬರಿನಲ್ಲಿ ನಮ್ಮ ಕನ್ನಡ ಕಲಾವಿದರ ‘ಫೈರ್’ ಸಂಘಟನೆಯವರು ಇಲ್ಲಿಯೂ ಅಂಥ ಸಮಿತಿ ಬೇಕೆಂದು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಕೆಲಸದ ಜಾಗದಲ್ಲಿ ದೂರು ಕೇಳುವ ಸಮಿತಿ ಇರಬೇಕೆಂದು ೨೦೧೩ರ ಕಾಯಿದೆಯೇ ಹೇಳುತ್ತದೆ. ಶೂಟಿಂಗು ನಡೆಯುವ ಜಾಗವೂ ಕೆಲಸದ ಜಾಗವೇ ತಾನೆ?

ಮಲ್ಲೇಶ್ವರದಲ್ಲಿ ರಾಜಾ ಮಿಲ್ಲು ಇದ್ದ ನೆಲದಲ್ಲಿ ಈಗ ದೊಡ್ಡ ಮಾಲು ನಿಂತಿದೆ. ಅದರೊಳಗೆ ಸಿನಿಮಾ ನಡೆಯುತ್ತದೆ. ಅಪ್ಪ ನೂಲು ತೆಗೆದ ಜಾಗದಲ್ಲಿ ಮಗ ಟಿಕೆಟ್ ಕೊಂಡು ಕೂರುತ್ತಾನೆ. ಸೆಸ್ಸಿನ ಹಣ ಹೋಗುವುದು ಅವನ ಜೇಬಿನಿಂದಲೇ. ಹಾಗಿರುವಾಗ ಅದು ಯಾರಿಗೆ ಸೇರಿತೆಂದು ಲೆಕ್ಕ ಕೇಳುವ ಹಕ್ಕು ಅವನಿಗಿದೆ. ಟಾಕೀಸಿನ ಮುಂದೆ ಸೋಡ, ಬೀಡ, ಕಡಲೆಕಾಯಿ ಮಾರಿ ಸಂಸಾರ ನಡೆಸಿದ ನಮ್ಮ ಸಣ್ಣ ವ್ಯಾಪಾರಿಗಳಿಗೂ ಇದೆ. ನಟಿಯ ಹೆಸರು ಜನ ತಂದಿತು, ಜನ ವ್ಯಾಪಾರ ತಂದರು.

ನಾವು ಕೇಳುವುದು ಹೆಚ್ಚೇನಲ್ಲ. ಮಂಡಳಿಯಲ್ಲಿ ಹೆಸರಾಂತ ನಟರು, ನಿರ್ಮಾಪಕರಷ್ಟೇ ಕೂರದೆ ದಿನಗೂಲಿಯ ನಟಿಯರಿಗೂ ಜಾಗವಿರಲಿ. ಗುಂಪಿನಲ್ಲಿ ನಿಲ್ಲುವವಳಿಗೂ ಕೆಲಸ ಹಿಡಿಯುವ ಮುಂಚೆ ಬರಹದ ಕರಾರು, ಸಂಜೆಗೆ ಕೂಲಿಯ ಚೀಟಿ ಕೈಗೆ ಬರಲಿ. ಕಾಯಿಲೆಗೆ ಔಷಧ, ಮುಪ್ಪಿಗೆ ಪೆನ್ಷನ್ನು ನಿಧಿಯ ಮೊದಲ ಖರ್ಚಾಗಲಿ; ಸಮಾರಂಭ, ಶಾಲು, ಹಾರಗಳು ಆಮೇಲಿನವು. ಪ್ರತಿಯೊಂದು ಚಿತ್ರೀಕರಣದಲ್ಲೂ ದೂರು ಕೇಳುವ ಸಮಿತಿ ಇರಲಿ. ಸೆಸ್ಸು ಎಷ್ಟು ಬಂತು, ಎಷ್ಟು ಮಂದಿಗೆ ಹೋಯಿತು ಎಂಬ ಲೆಕ್ಕವನ್ನು ವರುಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಲಿ.

ಕಾರ್ಮಿಕ ಸಂಘಗಳ ಗೆಳೆಯರಿಗೂ ಒಂದು ಮಾತು. ನಿಮ್ಮ ಮುಂದಿನ ಸಭೆಗೆ ಈ ಬೇಡಿಕೆಗಳನ್ನು ಒಯ್ಯಿರಿ, ಠರಾವು ಮಾಡಿ ನಿಮ್ಮ ಶಾಸಕರಿಗೆ ಕಳುಹಿಸಿರಿ. ಟಾಕೀಸಿನಲ್ಲಿ ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಹೆಸರುಗಳು ಓಡುತ್ತವಲ್ಲ, ಆಗ ಒಂದು ನಿಮಿಷ ಕೂತು ಓದಿರಿ. ಅವರೂ ನಮ್ಮವರೇ.