ಪಿಕಪ್ ಎತ್ತರಿಸುವ ಬದಲು ಕಟ್ಟೆ ಕಟ್ಟೋಣ

ಹಾಲು ಉತ್ಪಾದಕ ಸಹೋದರಿಯರೇ,

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕಿನ ಹಳ್ಳಿಗಳಲ್ಲಿ ಈಚೆಗೆ ಒಂದು ಹೊಸ ರೂಢಿ ನೋಡುತ್ತಿದ್ದೇನೆ. ಹಾಲಿನ ಕ್ಯಾನು, ಪಶು ಆಹಾರದ ಚೀಲ, ಘಟ್ಟದ ಮೇಲಿನ ಬೈಹುಲ್ಲು, ಒಮ್ಮೊಮ್ಮೆ ಹಸು ಕರು ಸಾಗಿಸುವ ಪಿಕಪ್ ಗಾಡಿಗಳನ್ನು ಗ್ಯಾರೇಜಿಗೆ ಒಯ್ದು ಮೂರು ನಾಲ್ಕು ಅಂಗುಲ ಎತ್ತರಿಸುತ್ತಾರೆ. ಪಾಟಾ ಮತ್ತು ಅಚ್ಚಿನ ನಡುವೆ ಕಬ್ಬಿಣದ ತುಂಡು ಇಡುತ್ತಾರೆ, ಇಲ್ಲವೇ ಹೆಚ್ಚುವರಿ ಪಾಟಾ ಸೇರಿಸುತ್ತಾರೆ, ಮುಂದಿನ ಸ್ಪ್ರಿಂಗಿಗೆ ಅಡಿಗಟ್ಟು ಕೊಡುತ್ತಾರೆ. ಇದರ ಸಾಮಾನು ‘ಲಿಫ್ಟ್ ಕಿಟ್’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಹೀಗೆ ಮಾಡುವವರಿಗೆ ಕಾರಣ ಇಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಚಿರೆಕಲ್ಲಿನ ಮಣ್ಣು ರಸ್ತೆ. ಆಷಾಢದ ಮಳೆಗೆ ನಡುವೆ ಗಟಾರ ಬಿದ್ದು, ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಬೆಳಗಿನ ಹಾಲು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಹುಳಿಯುತ್ತದೆ, ನಷ್ಟ ನಿಮ್ಮದೇ. ಆದರೂ ಗಾಡಿ ಎತ್ತರಿಸುವುದು ಇದಕ್ಕೆ ಮದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ನಾನು ಕಲಿತದ್ದು ಒಂದು ಹಸುವಿನ ಸಾವಿನಿಂದ.

ಹೊನ್ನಾವರ ತಾಲೂಕಿನ ಒಂದು ಹಳ್ಳಿ. ಏಳು ತಿಂಗಳ ಗಬ್ಬದ ಎಚ್‌ಎಫ್ ಮಿಶ್ರತಳಿ ಹಸುವನ್ನು ಮಾಲೀಕಳು ತಂಗಿಯ ಮನೆಗೆ ಕಳಿಸಬೇಕಿತ್ತು. ಹಸು ಪ್ರಯಾಣಕ್ಕೆ ಯೋಗ್ಯ ಎಂದು ಪ್ರಮಾಣಪತ್ರ ಬರೆದುಕೊಟ್ಟದ್ದು ನಾನೇ. ಹಸುವನ್ನು ನೋಡಿದ್ದೆ, ಗಾಡಿಯನ್ನು ನೋಡಿರಲಿಲ್ಲ. ಅದು ಎತ್ತರಿಸಿದ ಪಿಕಪ್. ಹಲಗೆ ಮಾತ್ರ ಹಳೆಯದೇ, ಹಳೆಯ ಎತ್ತರಕ್ಕೆ ಮಾಡಿದ್ದು. ಇಳಿಸುವಾಗ ಮಳೆಗೆ ನೆನೆದ ಹಲಗೆಯ ಮೇಲೆ ಹಸು ಜಾರಿತು. ಎರಡು ಹಿಂಗಾಲೂ ಎರಡು ದಿಕ್ಕಿಗೆ ಹೋಗಿ ತೊಡೆಯ ಒಳಗಿನ ಸ್ನಾಯು ಹರಿದವು. ಕಾಲು ಜೋಡಿಸಿ ಕಟ್ಟಿದೆವು. ದಪ್ಪಗೆ ದರಕು ಹಾಸಿ, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದೆವು. ಹಸು ಮತ್ತೆ ಏಳಲಿಲ್ಲ. ಆರನೆಯ ದಿನ ಹೊಟ್ಟೆಯ ಕರುವಿನೊಂದಿಗೆ ಹೋಯಿತು.

ಆ ಪಿಕಪ್ ಅವರ ಮನೆಯದ್ದೇ. ಆಕೆ ನನಗೆ ಹೇಳಿದ್ದು ಇಷ್ಟೇ: “ಗಾಡಿ ಎತ್ತರ ಮಾಡ್ಸಿದ್ದು ನಂಗೆ ಗೊತ್ತೇ ಇಲ್ಲ. ಕಂತು ಮಾತ್ರ ನನ್ನ ಹಾಲಿನ ಬಿಲ್ಲಿಂದ ಹೋಗ್ತದೆ.”

ಆ ಮಾತು ಇನ್ನೂ ನನ್ನನ್ನು ಕಾಡುತ್ತದೆ. ಅದಕ್ಕೇ ಗಾಡಿಯ ವಿಷಯವನ್ನು ನಿಮಗೇ ಬರೆಯುತ್ತಿದ್ದೇನೆ.

ಮೊದಲನೆಯದು, ಎತ್ತರಿಸಿದರೂ ನೀವು ಅಂದುಕೊಂಡ ಲಾಭ ಪೂರ್ತಿ ಸಿಗುವುದಿಲ್ಲ. ಹಿಂದಿನ ಎರಡು ಚಕ್ರಗಳ ನಡುವೆ, ಅಚ್ಚಿನ ಮಧ್ಯದಲ್ಲಿ ಗುಂಡಗೆ ಒಂದು ಕಬ್ಬಿಣದ ಗಡ್ಡೆ ಇರುತ್ತದೆ. ಅದೇ ಡಿಫರೆನ್ಷಿಯಲ್. ಗಟಾರದ ದಿಬ್ಬಕ್ಕೆ ಹೆಚ್ಚಾಗಿ ತಾಗುವುದು ಅದೇ. ಪಾಟಾದ ಕೆಳಗೆ ಎಷ್ಟೇ ತುಂಡು ಇಟ್ಟರೂ ಅಚ್ಚು ಇದ್ದಲ್ಲೇ ಇರುತ್ತದೆ. ಮೇಲೇಳುವುದು ಅದರ ಮೇಲಿನ ಚಾಸಿಸ್ ಮತ್ತು ಡಬ್ಬಿ ಮಾತ್ರ. ಅಚ್ಚು ಮೇಲೇಳಬೇಕಾದರೆ ದೊಡ್ಡ ಟೈರು ಬೇಕು. ದೊಡ್ಡ ಟೈರು ಹಾಕಿದರೆ ಬ್ರೇಕಿಗೆ ಹೊರೆ ಹೆಚ್ಚು, ವೇಗದ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಎರಡನೆಯದು ಬ್ರೇಕು. ಹಲವು ಪಿಕಪ್‌ಗಳಲ್ಲಿ ಹೇರಿದ ಭಾರ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ಒಂದು ವಾಲ್ವ್ ಇರುತ್ತದೆ. ಚಾಸಿಸ್ ಮತ್ತು ಅಚ್ಚಿನ ನಡುವಿನ ಅಂತರವೇ ಅದಕ್ಕೆ ಲೆಕ್ಕ. ಅಂತರ ಕಡಿಮೆಯಾದರೆ ಭಾರ ಇದೆ ಎಂದು ತಿಳಿಯುತ್ತದೆ. ಗಾಡಿ ಎತ್ತರಿಸಿ ವಾಲ್ವನ್ನು ಹಾಗೇ ಬಿಟ್ಟರೆ, ಗಾಡಿ ತುಂಬಿದ್ದರೂ ಅದು ಖಾಲಿ ಎಂದೇ ಎಣಿಸಿ ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತದೆ. ಬೈಹುಲ್ಲು ಹೇರಿಕೊಂಡು ದೇವಿಮನೆ ಘಟ್ಟವನ್ನೋ ಗೇರುಸೊಪ್ಪೆ ಘಟ್ಟವನ್ನೋ ಇಳಿಯುವ ಗಾಡಿಯಲ್ಲಿ ಹೀಗಾದರೆ ಏನಾಗಬಹುದು ಯೋಚಿಸಿ.

ಮೂರನೆಯದು ಹಸು. ಚೀಲ ಹೇರಿದರೆ ಭಾರ ಕೆಳಗೆ ಕೂರುತ್ತದೆ. ಹಸು ನಿಂತಿರುತ್ತದೆ. ಸುಮಾರು 400 ಕಿಲೊ ತೂಕದ ಪ್ರಾಣಿಯ ಹೊಟ್ಟೆಯ ಭಾರವೆಲ್ಲ ನಾಲ್ಕು ತೆಳ್ಳನೆಯ ಕಾಲಿನ ಮೇಲೆ. ತಿರುವಿನಲ್ಲಿ ಹಸು ಒಂದು ಪಕ್ಕಕ್ಕೆ ಹೆಜ್ಜೆ ಇಟ್ಟರೆ ಭಾರವೂ ಆ ಕಡೆ ಸರಿಯುತ್ತದೆ. ಗಾಡಿ ಎತ್ತರವಾದಷ್ಟೂ ವಾಲಾಟ ಹೆಚ್ಚು, ಮಗುಚುವ ಭಯವೂ ಹೆಚ್ಚು. ಹೆಚ್ಚುವರಿ ಪಾಟಾ ಹಾಕಿದ ಗಾಡಿ ಗಡಸಾಗಿ ಕುಣಿಯುತ್ತದೆ. ಆ ಏಟು ಹಸುವಿನ ಕೀಲುಗಳಿಗೆ.

ಹಲಗೆಯ ಲೆಕ್ಕವನ್ನೂ ನೋಡಿ. ಹಸು ಹೆದರದೆ ಹತ್ತಿ ಇಳಿಯಲು ಹಲಗೆಯ ಇಳಿಜಾರು 20 ಡಿಗ್ರಿ ಮೀರಬಾರದು. ಗಾಡಿಯ ಹಾಸು ಎರಡೂವರೆ ಅಡಿ ಎತ್ತರ ಇದ್ದರೆ ಏಳೂಕಾಲು ಅಡಿಗೂ ಉದ್ದದ ಹಲಗೆ ಬೇಕು. ಮುಂದೆ ಗಾಡಿ ನಾಲ್ಕು ಅಂಗುಲ ಎದ್ದರೆ ಹಲಗೆ ಮತ್ತೊಂದು ಅಡಿ ಉದ್ದವಾಗಬೇಕು. ಗಾಡಿ ಎತ್ತರಿಸುವವರು ಹಲಗೆ ಬದಲಿಸಿದ್ದನ್ನು ನಾನು ಕಂಡಿಲ್ಲ.

ಹಸುವಿನ ಮಾತು ಬಿಡಿ, ನಿಮ್ಮ ಸೊಂಟದ ಮಾತು ಬರಲಿ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕಿಲೊ, ಮೇಲೆ ಕ್ಯಾನಿನ ತೂಕ ಬೇರೆ. ಮಹಿಳಾ ಸಂಘಗಳಲ್ಲಿ ಅದನ್ನು ಗಾಡಿಗೆ ಎತ್ತುವವರು ಬಹಳ ಕಡೆ ನೀವೇ. ದಿನಕ್ಕೆ ಎರಡು ಹೊತ್ತು, ಪ್ರತಿ ಕ್ಯಾನನ್ನೂ ನಾಲ್ಕು ಅಂಗುಲ ಹೆಚ್ಚಿಗೆ ಎತ್ತಬೇಕು. ಗ್ಯಾರೇಜಿನಲ್ಲಿ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಕಾನೂನೂ ಇದಕ್ಕೆ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆಯನ್ನು ಮಾಲೀಕರು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು ಎಂದಾಯಿತು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತೆ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಉತ್ತರ ಕೊಡಬೇಕಾದವರೂ ನೀವೇ.

ಹಾಗಾದರೆ ಏನು ಮಾಡಬೇಕು? ಗಾಡಿ ಹಳೆಯದಾಗಿ ಪಾಟಾ ಕುಸಿದಿದ್ದರೆ ಕಂಪನಿಯ ಅಳತೆಯ ಹೊಸ ಪಾಟಾ ಹಾಕಿಸಿ. ಗಾಡಿ ತನ್ನ ಮೊದಲಿನ ಎತ್ತರಕ್ಕೆ ಬರುತ್ತದೆ, ಅದು ತಪ್ಪಲ್ಲ. ಟೈರಿನ ಗಾಳಿ ಸರಿಯಾಗಿರಲಿ, ಮಿತಿ ಮೀರಿ ಹೇರಬೇಡಿ.

ಉಳಿದ ಹಣದಲ್ಲಿ ಸಂಘದ ಪಕ್ಕ ಒಂದು ಕಟ್ಟೆ ಕಟ್ಟಿಸಿ. ಚಿರೆಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಖಾಲಿ ಗಾಡಿಯ ಹಾಸನ್ನು ಅಳೆದು ಅದೇ ಎತ್ತರಕ್ಕೆ ಕಟ್ಟಿ, ಹಿಂದಿನಿಂದ ಉದ್ದನೆಯ ಮಣ್ಣಿನ ಇಳಿಜಾರು ಕೊಡಿ. ಎರಡೂ ಪಕ್ಕ ಬಿದಿರಿನ ಅಡ್ಡೆ ಇರಲಿ. ಮೇಲೆ ನುಣ್ಣಗೆ ಸಿಮೆಂಟು ಬಳಿಯಬೇಡಿ, ಗೊರಸು ಹಿಡಿಯುವಂತೆ ಒರಟಾಗಿರಲಿ. ಕ್ಯಾನು ಎತ್ತುವ ಬದಲು ಸರಿಸಿದರಾಯಿತು. ಹಸು ನಡೆದುಕೊಂಡೇ ಗಾಡಿ ಸೇರುತ್ತದೆ. ಮನೆಯ ಹತ್ತಿರ ಕಡಿದ ಧರೆ ಇದ್ದರೆ ಅದಕ್ಕೇ ಗಾಡಿಯ ಹಿಂಭಾಗ ತಾಗಿಸಿ ನಿಲ್ಲಿಸಿ, ಕಟ್ಟೆಯೂ ಬೇಡ. ಆದರೆ ಒಬ್ಬೊಬ್ಬರ ಗಾಡಿ ಒಂದೊಂದು ಎತ್ತರವಾದರೆ ಊರಿಗೆ ಒಂದು ಕಟ್ಟೆ ಸಾಲುವುದಿಲ್ಲ. ರಸ್ತೆಯ ಗಟಾರದ ವಿಷಯವನ್ನು ಗ್ರಾಮ ಸಭೆಯಲ್ಲಿ ನೀವೆಲ್ಲ ಸೇರಿ ಎತ್ತಿ. ಗಟಾರ ಮುಚ್ಚಿದರೆ ಎಲ್ಲ ಗಾಡಿಗಳಿಗೂ ಅನುಕೂಲ.

ಹಸು ಸಾಗಿಸಲೇಬೇಕಾದಾಗ ನೆನಪಿಡಿ: ಒಂದು ಹಸುವಿಗೆ ಎರಡು ಚದರ ಮೀಟರ್ ಜಾಗ ಬೇಕೆಂಬುದು ನಿಯಮ, ಅಂದರೆ ಸಾಮಾನ್ಯ ಪಿಕಪ್‌ನಲ್ಲಿ ಎರಡೇ ಹಸು. ಹಾಸಿಗೆ ನಾರಿನ ಚಾಪೆ ಇರಲಿ, ಮುಖ ಇಂಜಿನ್ ಕಡೆಗಿರಲಿ, ಜೊತೆಗೊಬ್ಬರು ಇರಲಿ. ಹಸುವಿನ ಜೊತೆ ಬೇರೆ ಸಾಮಾನು ಹೇರುವಂತಿಲ್ಲ. ಹುಷಾರಿಲ್ಲದ ಹಸುವನ್ನು ಗಾಡಿಗೆ ಹತ್ತಿಸಬೇಡಿ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಮನೆ ಬಾಗಿಲಿಗೆ ಬರುತ್ತದೆ.

ನಾನೂ ಒಂದು ನಿಯಮ ಹಾಕಿಕೊಂಡಿದ್ದೇನೆ. ಈಗ ಪ್ರಮಾಣಪತ್ರ ಬರೆಯುವ ಮೊದಲು ಗಾಡಿಯನ್ನೂ ಹಲಗೆಯನ್ನೂ ನೋಡುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಇರಲಿ.

ನೀವು ಮಾಡಬೇಕಾದ್ದೂ ಒಂದಿದೆ. ಗಾಡಿಯನ್ನು ಗ್ಯಾರೇಜಿಗೆ ಒಯ್ಯುವ ಮಾತು ಮನೆಯಲ್ಲಿ ಬಂದಾಗ “ಅದು ಗಂಡಸರ ವಿಷಯ” ಎಂದು ಒಳಗೆ ಹೋಗಬೇಡಿ. ಕಂತು ಹೋಗುವುದು ನಿಮ್ಮ ಹಾಲಿನ ಬಿಲ್ಲಿನಿಂದ. ಗಾಡಿಗೆ ಏನು ಮಾಡಿಸಬೇಕು, ಏನು ಬೇಡ ಎಂದು ಹೇಳುವ ಹಕ್ಕು ನಿಮಗಿದೆ. ಮುಂದಿನ ಸಂಘದ ಸಭೆಯಲ್ಲಿ ಕಟ್ಟೆಯ ಮಾತು ತೆಗೆಯಿರಿ. ಅಳತೆ ಹಾಕುವ ದಿನ ಕರೆದರೆ ನಾನೂ ಬರುತ್ತೇನೆ.