ಬಹುಮಾನವೊಂದೇ ಸಾಕೆ?

ಸಲಿಂಗಪ್ರೇಮದ ಚಿತ್ರಕ್ಕೆ ಉತ್ಸವದಲ್ಲಿ ಬಹುಮಾನ ಬಂದಿತಲ್ಲ, ಇನ್ನೇನು ಬೇಕು ಎಂದು ಕೇಳುವ ಮಹನೀಯರುಂಟು. ಈ ವಾದವನ್ನು ನಾನು ಒಪ್ಪಲಾರೆ.

ಅಮೆರಿಕದ ಕಪ್ಪುವರ್ಣೀಯ ನಿರ್ದೇಶಕಿ ಶೆರಿಲ್ ಡನ್ಯೆಯವರ ‘ದಿ ವಾಟರ್‌ಮೆಲನ್ ವುಮನ್’ ಚಿತ್ರವನ್ನೇ ನೋಡಿ. ಫಿಲಡೆಲ್ಫಿಯಾದ ವಿಡಿಯೊ ಅಂಗಡಿಯಲ್ಲಿ ದುಡಿಯುವ ತರುಣಿ, ಹಳೆಯ ಚಿತ್ರವೊಂದರಲ್ಲಿ ‘ಕಲ್ಲಂಗಡಿ ಹೆಂಗಸು’ ಎಂದಷ್ಟೇ ಹೆಸರು ಪಡೆದ ಕಪ್ಪು ನಟಿಯನ್ನು ಹುಡುಕಿ ಹೊರಡುತ್ತಾಳೆ. ನಡುವೆ ಇನ್ನೊಬ್ಬಳೊಡನೆ ಪ್ರೇಮ, ಗೆಳತಿಯೊಡನೆ ಜಗಳ, ಬೇಕಾದಷ್ಟು ನಗೆ. ಆ ನಟಿಯೇನೋ ಕಲ್ಪಿತ. ಅಂಥವರ ಚರಿತ್ರೆಯನ್ನು ಯಾರೂ ಜೋಪಾನ ಮಾಡದಿದ್ದಾಗ, ಹಳೆಯ ಫೋಟೋಗಳನ್ನೂ ಹೊಸದಾಗಿ ಸೃಷ್ಟಿಸದೆ ಗತಿಯೇನು?

1996ರಲ್ಲಿ ಬರ್ಲಿನ್ ಉತ್ಸವದಲ್ಲಿ ಇದಕ್ಕೆ ಟೆಡ್ಡಿ ಪ್ರಶಸ್ತಿ ಬಂದಿತು. ಅದೇ ವರ್ಷ ವಾಷಿಂಗ್ಟನ್ನಿನ ರಾಜಕಾರಣಿಗಳು, ಇದಕ್ಕೆ ಸಂದಿದ್ದ 31,500 ಡಾಲರ್ ಸರಕಾರಿ ಅನುದಾನದ ಮೇಲೆ ಹರಿಹಾಯ್ದರು. ಒಂದು ಪ್ರಣಯದೃಶ್ಯ ಕಂಡ ಕಣ್ಣಿಗೆ ಇಡೀ ಚಿತ್ರ ಕಾಣಲಿಲ್ಲ! ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಾಡತಕ್ಕ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿದ್ದು 2021ರಲ್ಲಿ, 25 ವರ್ಷ ಕಳೆದ ಮೇಲೆ.

ಉತ್ಸವದಲ್ಲಿ ಚಪ್ಪಾಳೆ ತಟ್ಟಿ ಊರಿನ ಟಾಕೀಸಿನಲ್ಲಿ ಕದವಿಕ್ಕುವುದು ಯಾವ ಗೌರವ? ಮದುವೆಗೆ ಕರೆದು ಪಂಕ್ತಿಯಲ್ಲಿ ಎಲೆ ಹಾಕದಂತಾಯಿತು. ಬಹುಮಾನ ಬೇಡವೆನ್ನುತ್ತಿಲ್ಲ, ಎಲ್ಲರೊಡನೆ ಕೂತು ನಗುವ ಹಕ್ಕನ್ನು ಮೊದಲು ಕೊಡಿ.