ಮುಸುರೆ ಕೊಟ್ಟವರಿಗೆ ಹೊಣೆ ಇಲ್ಲವೇ?

ಹಂದಿಗಳಿಗೆ ರೋಗ ಬಂತು ಅಂದ ಕೂಡಲೇ ಅಪಾರ್ಟ್‌ಮೆಂಟ್ ಮಂದಿಯ ಬಾಯಲ್ಲಿ ಬರುವುದು ಒಂದೇ ಮಾತು: ಹಂದಿ ಗೂಡು ಎತ್ತಂಗಡಿ ಮಾಡಿ. 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡ ಮೇಲಂತೂ ಆ ಮಾತಿಗೆ ಆರೋಗ್ಯದ ನೆಪವೂ ಸಿಕ್ಕಿತು. ಈ ಜ್ವರ ಮನುಷ್ಯರಿಗೆ ಅಂಟುವುದೇ ಇಲ್ಲ ಎಂದರೆ ಕೇಳುವವರು ಯಾರು?

ರೋಗ ಹರಡುವ ದಾರಿ ತಿಳಿಯಬೇಕಾದರೆ ಬೆಂಗಳೂರಿನ ಅಂಚಿನ ಹೆಬ್ಬಗೋಡಿ ಕಡೆ ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ನೀಲಿ ಡ್ರಮ್ಮುಗಳ ಟೆಂಪೊಗಳನ್ನು ನೋಡಿ. ಕಾರ್ಖಾನೆ ಕ್ಯಾಂಟೀನಿನ ಅನ್ನ, ಪಿಜಿಯ ಚಪಾತಿ, ಬಾರಿನಲ್ಲಿ ಉಳಿದ ಪೋರ್ಕ್ ಚಿಲ್ಲಿ, ಅಡುಗೆಮನೆಯಲ್ಲಿ ಕತ್ತರಿಸಿ ಎಸೆದ ಹಸಿ ಕೊಬ್ಬು, ಎಲ್ಲವೂ ಒಂದೇ ಡ್ರಮ್ಮಿಗೆ, ಸಂಜೆಗೆ ಹಂದಿಗಳ ತೊಟ್ಟಿಗೆ. ಆ ಡ್ರಮ್ಮು ತೊಳೆಯುವ ಗೋಜಿಗೂ ಯಾರೂ ಹೋಗುವುದಿಲ್ಲ. ಸೋಂಕು ತಗುಲಿದ ಹಂದಿಯ ಮಾಂಸವಾದರೆ ಅದರಲ್ಲಿನ ವೈರಸ್ಸು ಫ್ರೀಜರಿನಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. 1957ರಲ್ಲಿ ಈ ರೋಗ ಆಫ್ರಿಕಾ ದಾಟಿ ಲಿಸ್ಬನ್ ಸೇರಿದ್ದು ವಿಮಾನದ ಊಟದ ಉಳಿಕೆಯನ್ನು ಹಂದಿಗಳಿಗೆ ಹಾಕಿದ್ದರಿಂದ ಎನ್ನುತ್ತಾರೆ. 2007ರಲ್ಲಿ ಜಾರ್ಜಿಯಾದ ಪೋಟಿ ಬಂದರಿನಲ್ಲಿ ಶಂಕೆ ಬಿದ್ದದ್ದು ಹಡಗಿನ ಮುಸುರೆಯ ಮೇಲೆ.

ಮುಸುರೆಯನ್ನು 90 ಡಿಗ್ರಿಯಲ್ಲಿ, ಕಲಕುತ್ತಾ, ಒಂದು ಗಂಟೆ ಕಾಯಿಸಿದರೆ ವೈರಸ್ಸು ಸಾಯುತ್ತದೆ. ಹತ್ತು ಹಂದಿ ಸಾಕುವವನು ಅಷ್ಟು ಸೌದೆಯನ್ನು ಎಲ್ಲಿಂದ ತರಬೇಕು? ದಿನಕ್ಕೆ 100 ಕಿಲೋ ಮೀರಿ ಕಸ ಹುಟ್ಟಿಸುವವರ ಮೇಲೆ ಘನತ್ಯಾಜ್ಯ ನಿಯಮಗಳು ಅದರ ಹೊಣೆ ಹೊರಿಸಿವೆ. ನಮ್ಮಲ್ಲಿ ಆ ಹೊಣೆ ಡ್ರಮ್ಮು ಗೇಟು ದಾಟಿದೊಡನೆ ಆವಿಯಾಗುತ್ತದೆ. ಸಾವಿರಾರು ಮಂದಿಗೆ ಸ್ಟೀಮ್‌ನಲ್ಲಿ ಅನ್ನ ಬೇಯಿಸುವವರಿಗೆ ಉಳಿದದ್ದನ್ನು ಕಾಯಿಸಿ ಕಳಿಸುವುದು ಅಷ್ಟು ಕಷ್ಟವೇ?

ಹಳೆಯ (ಕ್ಲಾಸಿಕಲ್) ಹಂದಿ ಜ್ವರಕ್ಕೆ ನಮ್ಮಲ್ಲಿ ಲಸಿಕೆ ಇದೆ, ಅದನ್ನು ಗೂಡು ಗೂಡಿಗೆ ಮುಟ್ಟಿಸುವುದು ಪಶುಪಾಲನಾ ಇಲಾಖೆಯ ಕೆಲಸ. ಆಫ್ರಿಕನ್ ಜ್ವರಕ್ಕೆ ಇನ್ನೂ ಇಲ್ಲ. ಶಂಕಿತ ಹಂದಿಯ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ, ರೋಗ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರ್‌ನೊಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು. ಪರಿಹಾರ ಸಿಗುವುದು ಹೀಗೆ ಕೊಂದ ಹಂದಿಗಳಿಗೆ ಮಾತ್ರ, ವರದಿ ಬರುವ ಮೊದಲೇ ಸತ್ತವುಗಳಿಗೆ ಬಿಡಿಗಾಸೂ ಇಲ್ಲ. ಹಾಗಿದ್ದ ಮೇಲೆ ಜ್ವರ ಹಿಡಿದ ಹಂದಿಯನ್ನು ರಾತ್ರೋರಾತ್ರಿ ಮಾರುವ ಆಸೆ ಯಾರಿಗೆ ಹುಟ್ಟುವುದಿಲ್ಲ ಹೇಳಿ. ಮೊದಲು ಬಂದು ತಿಳಿಸಿದವನಿಗೆ ಸತ್ತ ಹಂದಿಗೂ ದುಡ್ಡು ಕೊಡಿ. ಕ್ಯಾಂಟೀನ್‌ಗಳ ಪರವಾನಗಿ ನವೀಕರಿಸುವ ಮುನ್ನ ಹೆಬ್ಬಗೋಡಿ ನಗರಸಭೆಯವರು ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ ಮುಸುರೆ ಕಾಯಿಸುವ ಹಂಡೆ ತೋರಿಸಿ ಎಂದು ಕೇಳಲಿ.